ಆಂಟಿಸೈಕೋಟಿಕ್ ಔಷಧಗಳ ಚಲನದೋಷಗಳು

ಸ್ಕಿಜೋಫ್ರೀನಿಯಾ, ಉನ್ಮಾದ ಮೊದಲಾದ ಮನೋರೋಗಗಳಿಗೆ ಕೊಡುವ ಆಂಟಿಸೈಕೋಟಿಕ್ ಔಷಧಗಳಿಂದ ಸ್ನಾಯುಗಳ ಚಲನೆಯಲ್ಲಿ ತಲೆದೋರುವ ಅಡ್ಡಪರಿಣಾಮಗಳು. 1952ರಲ್ಲಿ ಪ್ಯಾರಿಸಿನಲ್ಲಿ ಜಾನ್ ಡಿಲೇ ಮತ್ತು ಪಿಯರ್ ಡೆನಿಕರ್ ಕ್ಲೋರ್‌ಪ್ರೊಮಝೈನ್ ಅನ್ನು ಮನೋರೋಗಿಗಳಿಗೆ ಕೊಟ್ಟು ನೋಡಿದ ಕೆಲವೇ ವರ್ಷಗಳಲ್ಲಿ ಇವು ವೈದ್ಯರ ಗಮನಕ್ಕೆ ಬಂದವು. ಮುಖ್ಯವಾಗಿ ನಾಲ್ಕು ಬಗೆ. ಒಂದೊಂದಕ್ಕೂ ತನ್ನದೇ ಕಾಲವಿರುವುದರಿಂದ, ಔಷಧ ಆರಂಭಿಸಿ ಅಥವಾ ಪ್ರಮಾಣ ಹೆಚ್ಚಿಸಿ ಎಷ್ಟು ದಿನವಾಯಿತು ಎಂಬುದು ರೋಗನಿದಾನದ ಮೊದಲ ಸುಳಿವು.

ಕಾರಣ: ಈ ಔಷಧಗಳು ಮಿದುಳಿನ ಡೋಪಮಿನ್ ಡಿ2 ಗ್ರಾಹಕಗಳನ್ನು ತಡೆಯುತ್ತವೆ. ಚಲನೆಯನ್ನು ಹದದಲ್ಲಿಡುವ ಸ್ಟ್ರೈಯೇಟಮ್ ಭಾಗದಲ್ಲಿ ಸುಮಾರು ಶೇ. 80ರಷ್ಟು ಗ್ರಾಹಕಗಳು ಮುಚ್ಚಿಹೋದರೆ ಚಲನದೋಷದ ಸಾಧ್ಯತೆ ಬಹಳ ಹೆಚ್ಚುತ್ತದೆ. ಹ್ಯಾಲೊಪೆರಿಡಾಲ್‌ನಂಥ ಹಳೆಯ ಔಷಧಗಳಲ್ಲಿ ಇದು ಹೆಚ್ಚು. ಕ್ಲೋಝಪಿನ್, ಕ್ವೆಟಿಯಾಪಿನ್‌ಗಳಲ್ಲಿ ಕಡಿಮೆ.

ತೀವ್ರ ಡಿಸ್ಟೋನಿಯಾ: ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಬರುತ್ತದೆ, ಹೆಚ್ಚಿನವು ಮೊದಲ ನಾಲ್ಕೈದು ದಿನಗಳಲ್ಲೇ. ಕುತ್ತಿಗೆ ಒಂದು ಪಕ್ಕಕ್ಕೆ ಸೆಟೆಯುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಕಣ್ಣುಗುಡ್ಡೆಗಳು ಮೇಲಕ್ಕೆ ತಿರುಗಿ ಅಲ್ಲೇ ನಿಲ್ಲುತ್ತವೆ. ಯುವಕರಲ್ಲಿ ಹೆಚ್ಚು. ಗಂಟಲಿನ ಸ್ನಾಯು ಸೆಟೆದರೆ ಉಸಿರಿಗೇ ಅಪಾಯ. ಪ್ರೊಮೆಥಝೈನ್‌ನಂಥ ಔಷಧದ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ.

ಅಕಥಿಸಿಯಾ: ದಿನಗಳಿಂದ ವಾರಗಳಲ್ಲಿ ಕಾಣಿಸುವ ಚಡಪಡಿಕೆ. ರೋಗಿ ಕೂತಲ್ಲಿ ಕೂರಲಾರ. ನಿಂತಾಗ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇರುತ್ತಾನೆ. ರೋಗವೇ ಉಲ್ಬಣಿಸಿತೆಂದು ಭಾವಿಸಿ ಔಷಧದ ಪ್ರಮಾಣ ಏರಿಸಿದರೆ ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ಪ್ರಮಾಣ ಇಳಿಸುವುದು, ಪ್ರೊಪ್ರನಲಾಲ್ ಕೊಡುವುದು ರೂಢಿಯ ಚಿಕಿತ್ಸೆ.

ಪಾರ್ಕಿನ್ಸನಿಸಂ: ವಾರಗಳಿಂದ ಮೊದಲ ಕೆಲವು ತಿಂಗಳೊಳಗೆ ಬರುತ್ತದೆ. ಕೈನಡುಕ, ಮೈಬಿಗಿತ, ಭಾವವಿಲ್ಲದ ಮುಖ, ಕೈ ಬೀಸದ ಮೋಟು ಹೆಜ್ಜೆಯ ನಡಿಗೆ ಲಕ್ಷಣಗಳು. ವಯಸ್ಸಾದವರಲ್ಲಿ ಹೆಚ್ಚು. ಮುಖದ ಜಡತೆಯನ್ನು ಖಿನ್ನತೆಯೆಂದು ತಿಳಿಯುವುದುಂಟು. ಪ್ರಮಾಣ ಇಳಿಸಬೇಕು ಅಥವಾ ಔಷಧ ಬದಲಿಸಬೇಕು. ಅಗತ್ಯವಿದ್ದರೆ ಟ್ರೈಹೆಕ್ಸಿಫೆನಿಡಿಲ್ ಮಾತ್ರೆ ಕೊಡುತ್ತಾರೆ.

ಟಾರ್ಡಿವ್ ಡಿಸ್ಕಿನೇಸಿಯಾ: ತಿಂಗಳುಗಳಿಂದ ವರ್ಷಗಳ ಬಳಕೆಯ ನಂತರ ತಲೆದೋರುವುದು. ನಾಲಿಗೆ ಹೊರಳುವುದು, ತುಟಿ ಚಪ್ಪರಿಸುವುದು, ಬಾಯಲ್ಲಿ ಏನೂ ಇಲ್ಲದೆ ಅಗಿಯುವುದು ತಾನಾಗಿ ನಡೆಯುತ್ತಿರುತ್ತದೆ. ನಿದಾನಕ್ಕೆ ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳ ಬಳಕೆ ಆಗಿರಬೇಕು. ವೃದ್ಧರಲ್ಲಿ ಒಂದೇ ತಿಂಗಳು ಸಾಕು. ಔಷಧ ನಿಲ್ಲಿಸಿದಾಗ ಅಥವಾ ಇಳಿಸಿದಾಗಲೇ ಮೊದಲು ಬೆಳಕಿಗೆ ಬರುವುದೂ ಉಂಟು. ನಿಲ್ಲಿಸಿದ ಮೇಲೂ ಉಳಿದುಬಿಡಬಹುದು. ಪಾರ್ಕಿನ್ಸನಿಸಂ ತಗ್ಗಿಸುವ ಟ್ರೈಹೆಕ್ಸಿಫೆನಿಡಿಲ್ ಇದನ್ನು ಹೆಚ್ಚಿಸಬಲ್ಲದು. ಇದಕ್ಕೆಂದೇ ವಾಲ್‌ಬೆನಝೈನ್ ಮತ್ತು ಡ್ಯೂಟೆಟ್ರಾಬೆನಝೈನ್ ಔಷಧಗಳಿಗೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು.

ವಾರಗಟ್ಟಲೆ ಕೆಲಸ ಮಾಡುವ ದೀರ್ಘಾವಧಿ ಇಂಜೆಕ್ಷನ್ ಪಡೆದವರಲ್ಲಿ ಔಷಧ ನಿಧಾನವಾಗಿ ರಕ್ತ ಸೇರುವುದರಿಂದ ಮೇಲೆ ಹೇಳಿದ ಕಾಲದ ಲೆಕ್ಕ ಹಿಂದುಮುಂದಾಗಬಹುದು. ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್ ಕೂಡ ಡೋಪಮಿನ್ ತಡೆಯುವುದರಿಂದ ಇವೇ ದೋಷಗಳನ್ನು ತರಬಲ್ಲದು. ಇಂಥ ಲಕ್ಷಣ ಕಂಡಾಗ ಔಷಧವನ್ನು ತಾವಾಗಿ ನಿಲ್ಲಿಸದೆ, ಅದನ್ನು ಆರಂಭಿಸಿದ ಮತ್ತು ಬದಲಿಸಿದ ದಿನಾಂಕಗಳೊಂದಿಗೆ ವೈದ್ಯರನ್ನು ಕಾಣಬೇಕು. ಕುತ್ತಿಗೆ, ಗಂಟಲು ಸೆಟೆದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.