ಕಿತ್ತೂರಿನ ಇನ್ನೊಂದು ಇಸವಿ

ಕಿತ್ತೂರು ಎಂದೊಡನೆ ಕನ್ನಡಿಗರಿಗೆ 1824 ನೆನಪಾಗುತ್ತದೆ. ಥ್ಯಾಕರೆಯ ಸಾವು, ರಾಣಿ ಚೆನ್ನಮ್ಮನ ಕೆಚ್ಚು ಕಣ್ಣ ಮುಂದೆ ಸುಳಿಯುತ್ತವೆ. ಅದೇ ಊರಿಗೆ 1986 ಎಂಬ ಇನ್ನೊಂದು ಇಸವಿಯೂ ಉಂಟು. ಅದನ್ನು ನೆನೆಯುವವರು ಕಡಮೆ. ಆ ವರ್ಷದ ಜುಲೈ ತಿಂಗಳಿನಲ್ಲಿ, ನಮ್ಮವರೇ ರೂಪಿಸಿದ ಮೊದಲ ಡಿಜಿಟಲ್ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ಕೆಲಸಕ್ಕೆ ತೊಡಗಿದ್ದು ಅಲ್ಲಿ.

ಎಕ್ಸ್‌ಚೇಂಜಿನ ಕೆಲಸ ಹೇಳುವುದಕ್ಕೆ ಸುಲಭ: ಕರೆದವನ ತಂತಿಯನ್ನು ಬೇಕಾದವನ ತಂತಿಗೆ ಕೂಡಿಸುವುದು. ಮೊದಲು ಅದನ್ನು ಮನುಷ್ಯನ ಕೈ ಮಾಡುತ್ತಿತ್ತು. 1891ರಲ್ಲಿ ಅಮೆರಿಕದ ಸ್ಟ್ರೌಜರ್ ಎಂಬಾತ ಆ ಕೈಯನ್ನು ಬಿಡಿಸುವ ಯಂತ್ರಕ್ಕೆ ಪೇಟೆಂಟು ಪಡೆದ. ಅವನ ಕಸುಬು ಶವಸಂಸ್ಕಾರದ ಏರ್ಪಾಟು ಎಂಬುದು ಚರಿತ್ರೆಯ ವಿನೋದಗಳಲ್ಲಿ ಒಂದು. 1948ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಐ.ಟಿ.ಐ. ಕಾರ್ಖಾನೆ ತಯಾರಿಸಿದ್ದೂ ಮೊದಮೊದಲು ಇದೇ ಬಗೆಯ ಯಂತ್ರಗಳನ್ನು. ಅವು ಟಕಟಕನೆ ಸದ್ದು ಮಾಡುತ್ತ ಹೆಜ್ಜೆ ಹೆಜ್ಜೆಯಾಗಿ ಏರಿ ತಿರುಗುವ ಲೋಹದ ತೋಳುಗಳು. ಸವೆಯುತ್ತಿದ್ದವು, ಧೂಳಿಗೆ ಸಿಲುಕುತ್ತಿದ್ದವು.

ಡಿಜಿಟಲ್ ಎಕ್ಸ್‌ಚೇಂಜಿನಲ್ಲಿ ಮಾತು ಕೂಡುವ ಜಾಗದಲ್ಲಿ ಏನೂ ಅಲುಗುವುದಿಲ್ಲ. ಇದನ್ನು ನಮ್ಮ ಪುತ್ತೂರು ಸೀಮೆಯ ಕೃಷಿಕರಿಗೆ ವಿವರಿಸುವುದು ಕಷ್ಟವಲ್ಲ. ತೋಡಿಗೆ ಕಟ್ಟ ಕಟ್ಟಿ ನಾಲ್ಕಾರು ತೋಟದವರು ಒಂದೇ ಕಣಿಯ ನೀರನ್ನು ಸರದಿಯ ಮೇಲೆ ಹಂಚಿಕೊಳ್ಳುವುದಿಲ್ಲವೆ? ಇಲ್ಲಿಯೂ ಹಾಗೆಯೇ. ಪ್ರತಿಯೊಬ್ಬನ ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಪ್ರತಿ ಅಳತೆಯನ್ನೂ 8 ಬಿಟ್ಟುಗಳ ಸಂಖ್ಯೆಯನ್ನಾಗಿಸುತ್ತಾರೆ. ಒಂದೇ ದಾರಿಯಲ್ಲಿ ಹಲವರ ಸಂಖ್ಯೆಗಳು ತಮ್ಮ ತಮ್ಮ ಸರದಿಗೆ ಹರಿಯುತ್ತವೆ. ಒಂದು ಸೆಕೆಂಡಿನ 8000ದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ 32 ಸರದಿಗಳು ಮುಗಿಯುವುದು ವಾಡಿಕೆ. ಬಂದ ಸರದಿಯಲ್ಲಿ ಅವನ್ನು ನೆನಪಿನ ಚಿಪ್ಪಿನಲ್ಲಿ ಬರೆದು, ಬೇಕಾದ ಸರದಿಯಲ್ಲಿ ಓದಿದರೆ ಆಯಿತು: ಐದನೆಯವನ ಮಾತು ಹನ್ನೆರಡನೆಯವನ ಕಿವಿಗೆ! ಬರೆಯುವುದು, ಓದುವುದು, ಎಕ್ಸ್‌ಚೇಂಜಿನ ಹೃದಯ ಇಷ್ಟೆ.

ಹೃದಯಕ್ಕಿಂತ ಚರ್ಮದ ಕೆಲಸವೇ ಹೆಚ್ಚು ಎನ್ನಬೇಕು. ಪ್ರತಿ ಟೆಲಿಫೋನಿಗೂ 48 ವೋಲ್ಟಿನ ಬ್ಯಾಟರಿಯಿಂದ ವಿದ್ಯುತ್ತು ಕೊಡುವುದು, ಗಂಟೆ ಬಾರಿಸುವುದು, ರಿಸೀವರ್ ಎತ್ತಿದ್ದನ್ನು ಗಮನಿಸುವುದು, ಧ್ವನಿಯನ್ನು ಸಂಖ್ಯೆಗೆ ಬದಲಿಸುವುದು, ತಂತಿಯಲ್ಲಿ ನುಗ್ಗಿಬರುವ ಸಿಡಿಲಿನ ಹೊಡೆತವನ್ನು ತಡೆಯುವುದು, ಇವೆಲ್ಲ ಹೊರಗಿನ ತಂತಿ ಬಂದು ಸೇರುವ ಅಂಚಿನ ಕೆಲಸಗಳು. ಸಿಡಿಲಿನ ಮಾತನ್ನು ಈ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1984ರ ಆಗಸ್ಟಿನಲ್ಲಿ ಸ್ಯಾಮ್ ಪಿತ್ರೋಡಾ ಮೊದಲಾದವರ ಪ್ರಯತ್ನದಿಂದ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದಕ್ಕಿದ್ದ ಗಡುವು 36 ತಿಂಗಳು, ಹಣ 36 ಕೋಟಿ ರೂಪಾಯಿ. ಫ್ರಾನ್ಸಿನ ತಂತ್ರಜ್ಞಾನದ ದೊಡ್ಡ ಡಿಜಿಟಲ್ ಎಕ್ಸ್‌ಚೇಂಜು ಆ ಹೊತ್ತಿಗೆ ದೇಶದೊಳಗೆ ಬಂದಿತ್ತು. ಆದರೆ ಅಂಥವಕ್ಕೆ ತಂಪು ಮಾಡಿದ ಕೋಣೆ ಬೇಕು. ಹಳ್ಳಿಯಲ್ಲಿ ವಿದ್ಯುತ್ತೇ ನೆಚ್ಚಿಕೆಯದಲ್ಲ, ತಂಪಿನ ಮಾತೆಲ್ಲಿ! ಸಿ-ಡಾಟಿನವರ ಜಾಣತನ ಕಾಣುವುದು ಇಲ್ಲಿ. ಅವರು 128 ಸಂಪರ್ಕಗಳ ಚಿಕ್ಕ ಯಂತ್ರವನ್ನು ಮೊದಲು ಕೈಗೆತ್ತಿಕೊಂಡರು. ವಿದ್ಯುತ್ತನ್ನು ಮಿತವಾಗಿ ಬಳಸಿ, ತಂಪು ಯಂತ್ರದ ಹಂಗೇ ಇಲ್ಲದಂತೆ ಅದನ್ನು ರೂಪಿಸಿದರು. ನಿಯಂತ್ರಿಸುವ ಭಾಗವನ್ನು ಎರಡೆರಡು ಇಟ್ಟರು. ಒಂದು ದುಡಿಯುತ್ತಿರುವಾಗ ಇನ್ನೊಂದು, ಯಕ್ಷಗಾನದ ಚೌಕಿಯಲ್ಲಿ ವೇಷ ಕಟ್ಟಿ ಕುಳಿತವನಂತೆ, ಸಿದ್ಧವಾಗಿರುತ್ತದೆ. ಕೆಟ್ಟರೆ ಕಾರ್ಡನ್ನು ಕಿತ್ತು ಬೇರೆಯದನ್ನು ಸಿಕ್ಕಿಸಬಹುದು. ದೊಡ್ಡ ಪಂಡಿತರು ಊರಿಗೆ ಬರಬೇಕಾಗಿಲ್ಲ.

ಟೆಲಿಫೋನಿನ ಚರಿತ್ರೆ ಹೇಳುವವರು ಮಂತ್ರಿಗಳನ್ನೂ ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳನ್ನೂ ಹಾಡಿ ಹೊಗಳುತ್ತಾರೆ. ತಪ್ಪಲ್ಲ. ಆದರೆ ಸೆಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಯಂತ್ರ ರಚಿಸಿದವರ ಹೆಸರನ್ನು ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗೆ ಹಳ್ಳಿಯ ಟೆಲಿಫೋನಿನ ನಿಜವಾದ ಚರಿತ್ರೆ ಇರುವುದು ಆ ಲೆಕ್ಕದಲ್ಲಿ.

ಈಗ ಮಾತು ಸರದಿಯನ್ನು ಬಿಟ್ಟು, ಪೊಟ್ಟಣ ಪೊಟ್ಟಣವಾಗಿ ಅಂತರಜಾಲದ ದಾರಿ ಹಿಡಿದಿದೆ. ಹಳೆಯ ಕಾರ್ಡುಗಳು ಗುಜರಿಯ ಪಾಲಾಗುತ್ತಿವೆ. ಕಿತ್ತೂರಿನ ಕೋಟೆಯಲ್ಲಿ ಒಂದು ವಸ್ತುಸಂಗ್ರಹಾಲಯವಿದೆಯಷ್ಟೆ. ಅಲ್ಲಿನ ಹಳೆಯ ಕಾಲದ ವಸ್ತುಗಳ ಮಗ್ಗುಲಲ್ಲಿ ಇಂಥ ಒಂದು ಕಾರ್ಡಿಗೂ ಗೇಣಗಲ ಜಾಗ ಕೊಡಬಾರದೆ?