ಮೂಗಿನಿಂದ ಮಿದುಳಿಗೆ: ಹೊಗೆ ಹಿಡಿದ ದಾರಿ

1937ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಪೋಲಿಯೊ ಹಬ್ಬಿತು. ಗಾಬರಿಗೊಂಡ ಊರಿನಲ್ಲಿ ವೈದ್ಯರು ಸುಮಾರು 5,000 ಮಕ್ಕಳನ್ನು ಸಾಲಾಗಿ ಕೂರಿಸಿ, ಅವರ ಮೂಗಿನ ಮೇಲ್ಭಾಗಕ್ಕೆ ಸತುವಿನ ಸಲ್ಫೇಟ್ ದ್ರಾವಣ ಸಿಂಪಡಿಸಿದರು. ಪೋಲಿಯೊ ವೈರಸ್ಸು ಮೂಗಿನ ನರ ಹಿಡಿದು ಮಿದುಳಿಗೆ ಏರುತ್ತದೆ ಎಂದು ಕೋತಿಗಳ ಮೇಲಿನ ಪ್ರಯೋಗಗಳು ತೋರಿಸಿದ್ದವು. ಆ ಬಾಗಿಲನ್ನೇ ಮುಚ್ಚಿಬಿಟ್ಟರೆ ರೋಗ ತಡೆಯಬಹುದು ಎಂಬುದು ಲೆಕ್ಕಾಚಾರ. ಲೆಕ್ಕ ಕೈಕೊಟ್ಟಿತು. ರೋಗ ನಿಲ್ಲಲಿಲ್ಲ, ಕೆಲವು ಮಕ್ಕಳು ವಾಸನೆ ತಿಳಿಯುವ ಶಕ್ತಿಯನ್ನೇ ಕಳೆದುಕೊಂಡರು. ಮನುಷ್ಯರಲ್ಲಿ ಪೋಲಿಯೊ ಬರುವುದು ಬಾಯಿ ಮತ್ತು ಕರುಳಿನ ಮೂಲಕ ಎಂಬುದು ಆಮೇಲೆ ಸ್ಪಷ್ಟವಾಯಿತು.

ಹಾಗೆಂದು ಮೂಗಿನ ದಾರಿ ಸುಳ್ಳಾಗಿರಲಿಲ್ಲ. ಆ ದಾರಿಯಲ್ಲಿ ಓಡಾಡುವವರು ಬೇರೆಯವರಿದ್ದರು, ಅಷ್ಟೆ.

ನಮ್ಮ ದೇಹದ ಬಹುಪಾಲು ನರಕೋಶಗಳು ಚರ್ಮ, ಮೂಳೆ, ಪೊರೆಗಳ ಹಿಂದೆ ಭದ್ರವಾಗಿ ಕುಳಿತಿವೆ. ವಾಸನೆ ಗ್ರಹಿಸುವ ನರಕೋಶಗಳಿಗೆ ಆ ಭಾಗ್ಯವಿಲ್ಲ. ಅವುಗಳ ತುದಿ ಮೂಗಿನ ಒಳಚಾವಣಿಯಲ್ಲಿ ಗಾಳಿಗೆ ನೇರವಾಗಿ ತೆರೆದುಕೊಂಡಿರುತ್ತದೆ. ಇನ್ನೊಂದು ತುದಿ ಜರಡಿಯಂತೆ ತೂತುಬಿದ್ದ ತೆಳು ಮೂಳೆಯೊಂದನ್ನು ದಾಟಿ ಮಿದುಳಿನ ಘ್ರಾಣಪಿಂಡದಲ್ಲಿ ಕೊನೆಗೊಳ್ಳುತ್ತದೆ. ರಕ್ತದಿಂದ ಮಿದುಳಿಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ತಡೆದು ನಿಲ್ಲಿಸುವ ಕಾವಲು ಈ ಮಾರ್ಗದಲ್ಲಿಲ್ಲ. 2004ರಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಗುಂಟರ್ ಓಬರ್‌ಡೋರ್ಸ್ಟರ್ ಮತ್ತು ಸಂಗಡಿಗರು ಗುರುತು ಹಿಡಿಯಲು ಸಾಧ್ಯವಾಗುವಂಥ ಇಂಗಾಲದ ಅತಿಸೂಕ್ಷ್ಮ ಕಣಗಳನ್ನು ಇಲಿಗಳಿಗೆ ಉಸಿರಾಡಲು ಕೊಟ್ಟು ನೋಡಿದರು. ಮುಂದಿನ ದಿನಗಳಲ್ಲಿ ಆ ಇಂಗಾಲ ಘ್ರಾಣಪಿಂಡದಲ್ಲಿ ಸಿಕ್ಕಿತು. ಶ್ವಾಸಕೋಶ ಮತ್ತು ಹೃದಯದ ಸುತ್ತಲೇ ತಿರುಗುತ್ತಿದ್ದ ವಾಯುಮಾಲಿನ್ಯದ ಸಂಶೋಧನೆ ನರವಿಜ್ಞಾನದ ಅಂಗಳಕ್ಕೆ ಕಾಲಿಟ್ಟದ್ದು ಹೆಚ್ಚುಕಡಿಮೆ ಈ ಹೊತ್ತಿನಲ್ಲಿ.

ಅದಕ್ಕೂ ಸ್ವಲ್ಪ ಮುಂಚೆ ಮೆಕ್ಸಿಕೊ ನಗರದಲ್ಲಿ ನಾಯಿಗಳು ಸುಳಿವು ಕೊಟ್ಟಿದ್ದವು. ವೈದ್ಯೆ, ನರರೋಗ ಸಂಶೋಧಕಿ ಲಿಲಿಯನ್ ಕಾಲ್ಡೆರಾನ್-ಗಾರ್ಸಿಡ್ಯುಯೆನ್ಯಾಸ್ ಅವರು ಆ ನಗರದ ನಾಯಿಗಳ ಮಿದುಳನ್ನು, ಗಾಳಿ ಚೆನ್ನಾಗಿದ್ದ ತ್ಲಾಸ್ಕಾಲ ಪ್ರಾಂತ್ಯದ ನಾಯಿಗಳ ಮಿದುಳಿನೊಂದಿಗೆ ಹೋಲಿಸಿದರು. ಮುದಿ ನಾಯಿಗಳು ಯಜಮಾನರನ್ನೇ ಗುರುತಿಸದಂತಾಗಿವೆ ಎಂಬ ದೂರು ಅವರ ಕಿವಿಗೆ ಬಿದ್ದಿತ್ತು. ಕೊಯ್ದು ನೋಡಿದರೆ ನಗರದ ನಾಯಿಗಳ ಮೂಗಿನ ಒಳಪೊರೆ ಹಾಳಾಗಿತ್ತು, ಮಿದುಳಿನ ರಕ್ತನಾಳಗಳ ಕಾವಲು ಸಡಿಲಗೊಂಡಿತ್ತು, ಆಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಕಾಣುವ ಅಮಿಲಾಯ್ಡ್ ಪ್ರೋಟೀನಿನ ಶೇಖರಣೆ ಶುರುವಾಗಿತ್ತು. 2008ರಲ್ಲಿ ಅದೇ ತಂಡ ಮಕ್ಕಳತ್ತ ತಿರುಗಿತು. ಯಾವ ಕಾಯಿಲೆಯೂ ಇಲ್ಲದ ಮೆಕ್ಸಿಕೊ ನಗರದ ಮಕ್ಕಳಿಗೆ ಎಂಆರ್‌ಐ ಮಾಡಿಸಿದಾಗ ಅರ್ಧಕ್ಕಿಂತ ಹೆಚ್ಚು ಮಕ್ಕಳ ಮಿದುಳಿನ ಮುಂಭಾಗದ ಬಿಳಿದ್ರವ್ಯದಲ್ಲಿ ಸಣ್ಣ ಗಾಯದಂಥ ಕಲೆಗಳಿದ್ದವು. ಹೋಲಿಕೆಗೆಂದು ಆರಿಸಿಕೊಂಡ ಶುದ್ಧ ಗಾಳಿಯ ಊರಿನಲ್ಲಿ ಅಂಥ ಮಕ್ಕಳು ಬೆರಳೆಣಿಕೆಯಷ್ಟು. ಪರೀಕ್ಷೆಗೊಳಗಾದ ಮಕ್ಕಳ ಸಂಖ್ಯೆ ಚಿಕ್ಕದು. ಅದನ್ನೇ ಹಿಡಿದು ಇಡೀ ನಗರದ ಬಗ್ಗೆ ತೀರ್ಪು ಕೊಡಲಾಗದು. ಆದರೆ ಕಡೆಗಣಿಸುವ ಹಾಗೂ ಇರಲಿಲ್ಲ.

ಕಣಗಳು ಮನುಷ್ಯರ ಮಿದುಳಿನಲ್ಲೇ ಕೈಗೆ ಸಿಕ್ಕದ್ದು 2016ರಲ್ಲಿ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹೆರ್ ಮೂಲತಃ ಮಣ್ಣು ಮತ್ತು ಧೂಳಿನಲ್ಲಿರುವ ಕಬ್ಬಿಣದ ಕಾಂತೀಯ ಗುಣವನ್ನು ಅಭ್ಯಾಸ ಮಾಡಿದವರು. ಮೆಕ್ಸಿಕೊ ನಗರ ಮತ್ತು ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡ 37 ಮಂದಿಯ ಮಿದುಳಿನ ತುಣುಕುಗಳಲ್ಲಿ ಅವರ ತಂಡ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಆಕ್ಸೈಡನ್ನು ಅಳೆಯಿತು. ಮಿದುಳಿನಲ್ಲಿ ಮ್ಯಾಗ್ನಟೈಟ್ ಇರುವುದು 1992ರಿಂದಲೇ ಗೊತ್ತಿದ್ದ ಸಂಗತಿ. ದೇಹವೇ ಅದನ್ನು ತಯಾರಿಸಿಕೊಳ್ಳುತ್ತದೆ ಎಂದು ಆಗ ತಿಳಿಯಲಾಗಿತ್ತು. ಜೀವಿಗಳಲ್ಲಿ ರೂಪುಗೊಂಡ ಮ್ಯಾಗ್ನಟೈಟಿಗೆ ಹರಳಿನ ಮೂಲೆ, ಅಂಚು ಇರುತ್ತವೆ. ಮಾಹೆರ್ ಅವರಿಗೆ ಹೇರಳವಾಗಿ ಸಿಕ್ಕವು ಗುಂಡನೆಯ ಕಣಗಳು. ಕೆಲವುಗಳ ಮೈ ಕರಗಿ ಹೆಪ್ಪುಗಟ್ಟಿದಂತಿತ್ತು, ಜೊತೆಗೆ ಪ್ಲಾಟಿನಂ, ನಿಕ್ಕಲ್, ಕೋಬಾಲ್ಟ್ ಬೆರೆತಿದ್ದವು. ಇಂಥ ಗುಂಡು ಹುಟ್ಟುವುದು ಬೆಂಕಿಯಲ್ಲಿ: ಎಂಜಿನ್ನಿನಲ್ಲಿ, ಬ್ರೇಕ್ ಉಜ್ಜುವಲ್ಲಿ, ಕುಲುಮೆಯಲ್ಲಿ. ಮಿದುಳು ಪ್ಲಾಟಿನಂ ತಯಾರಿಸುವುದಿಲ್ಲ. ಪರಿಸರ ವಿಜ್ಞಾನಿಯೊಬ್ಬರು ಧೂಳನ್ನು ಓದುವ ಕಣ್ಣಿನಿಂದಲೇ ಮಿದುಳನ್ನು ಓದಿದ್ದರಿಂದ ಈ ಸಾಕ್ಷ್ಯ ಸಿಕ್ಕಿತು. ನರತಜ್ಞರೊಬ್ಬರೇ ನೋಡಿದ್ದರೆ ಇದು ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ.

ಕಣ ಸಿಕ್ಕಿದ ಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎನ್ನುವಂತಿಲ್ಲ. ಅದಕ್ಕೆ ದೊಡ್ಡ ಜನಸಮೂಹದ ಲೆಕ್ಕ ಬೇಕು. 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಕೆನಡಾದ ಒಂಟಾರಿಯೊ ಪ್ರಾಂತ್ಯದ 66 ಲಕ್ಷ ವಯಸ್ಕರನ್ನು ಹನ್ನೊಂದು ವರ್ಷ ಹಿಂಬಾಲಿಸಿತ್ತು. ದೊಡ್ಡ ರಸ್ತೆಯಿಂದ 50 ಮೀಟರಿನೊಳಗೆ ಮನೆಯಿದ್ದವರಿಗೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬರುವ ಸಂಭವ 7% ಹೆಚ್ಚು. 100 ಮೀಟರ್ ದೂರಕ್ಕೆ ಅದು 4%, 200 ಮೀಟರ್ ದೂರಕ್ಕೆ 2%, ಅದರಾಚೆ ಏನೂ ಇಲ್ಲ. ಶೇಕಡಾವಾರು ಸಣ್ಣದು ನಿಜ. ಆದರೆ ರಸ್ತೆ ದೂರವಾದಂತೆಲ್ಲ ಸಂಭವ ಮೆಟ್ಟಿಲಿಳಿಯುತ್ತಾ ಹೋಗಿರುವುದನ್ನು ಆಕಸ್ಮಿಕ ಎಂದು ತಳ್ಳಿಹಾಕುವುದು ಕಷ್ಟ. 2020ರಲ್ಲಿ ಲ್ಯಾನ್ಸೆಟ್ ಆಯೋಗ ಡಿಮೆನ್ಷಿಯಾದ ತಡೆಯಬಹುದಾದ ಕಾರಣಗಳ ಪಟ್ಟಿಗೆ ವಾಯುಮಾಲಿನ್ಯವನ್ನು ಸೇರಿಸಿತು. 2025ರಲ್ಲಿ ಕೇಂಬ್ರಿಡ್ಜ್ ಸಂಶೋಧಕರು 51 ಅಧ್ಯಯನಗಳ, ಸುಮಾರು 2.9 ಕೋಟಿ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಒಂದು ಘನ ಮೀಟರ್ ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮಕಣಗಳು 10 ಮೈಕ್ರೋಗ್ರಾಂ ಏರಿದಂತೆಲ್ಲ ಡಿಮೆನ್ಷಿಯಾ ಸಂಭವ 17% ಏರುತ್ತದೆ ಎಂಬುದು ಅವರ ಲೆಕ್ಕ.

ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಕೆಲಸ ಇನ್ನೂ ಒಂದು ಹೆಜ್ಜೆ ಒಳಹೊಕ್ಕಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಶಿಯಾವೊಬೊ ಮಾವೊ ಮತ್ತು ಸಂಗಡಿಗರು ಅಮೆರಿಕದ 5.65 ಕೋಟಿ ವೃದ್ಧರ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿ, ಸೂಕ್ಷ್ಮಕಣಗಳಿಗೂ ಲೆವಿ ಬಾಡಿ ಡಿಮೆನ್ಷಿಯಾ ಎಂಬ ಬಗೆಗೂ ನಂಟು ಕಂಡರು. ಆ ರೋಗದಲ್ಲಿ ಆಲ್ಫಾ-ಸೈನ್ಯೂಕ್ಲಿನ್ ಎಂಬ ಪ್ರೋಟೀನು ವಕ್ರವಾಗಿ ಮಡಚಿಕೊಂಡು ಗಂಟುಕಟ್ಟುತ್ತದೆ. ತಂಡವು ಪ್ರಯೋಗಾಲಯದ ಮೂಷಿಕಗಳನ್ನು ದಿನ ಬಿಟ್ಟು ದಿನ, ಹತ್ತು ತಿಂಗಳು ಪಿಎಂ 2.5ಕ್ಕೆ ಒಡ್ಡಿತು. ಮಾಮೂಲಿ ಮೂಷಿಕಗಳ ಮಿದುಳು ಕುಗ್ಗಿತು, ಕಲಿಕೆ ಕುಂದಿತು. ಆ ಪ್ರೋಟೀನೇ ಇಲ್ಲದಂತೆ ವಂಶವಾಹಿ ತಿದ್ದಿದ ಮೂಷಿಕಗಳಿಗೆ ಅಷ್ಟಾಗಿ ಏನೂ ಆಗಲಿಲ್ಲ. ಕಾರಣ ಮತ್ತು ಪರಿಣಾಮದ ನಡುವಿನ ಕೊಂಡಿಯನ್ನು ಹೀಗೆ ಕಳಚಿ ತೋರಿಸುವ ಪ್ರಯೋಗಗಳು ಈ ಕ್ಷೇತ್ರದಲ್ಲಿ ವಿರಳ.

ಇಷ್ಟೆಲ್ಲ ಸಂಶೋಧನೆಯಲ್ಲಿ ಒಂದು ಓರೆ ಇದೆ. ರಸ್ತೆ, ಕಾರು, ಚಿಮಣಿಗಳ ಹೊಗೆಯನ್ನು ಅಳೆದವರು ಬಹುತೇಕ ಶ್ರೀಮಂತ ದೇಶದವರು, ಅಳೆಸಿಕೊಂಡವರೂ ಅವರೇ. ಒಂಟಾರಿಯೊದ ಅಡುಗೆಮನೆಯಲ್ಲಿ ಯಾರೂ ಬೆರಣಿ ಉರಿಸುವುದಿಲ್ಲ. ಭಾರತದಲ್ಲೋ, 60 ದಾಟಿದವರಲ್ಲಿ 7.4% ಜನರಿಗೆ, ಎಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜು ಹೇಳುತ್ತದೆ. ಅದರಲ್ಲಿ ಗಂಡಸರಿಗಿಂತ ಹೆಂಗಸರ, ಪಟ್ಟಣಕ್ಕಿಂತ ಹಳ್ಳಿಯ ಪಾಲು ಹೆಚ್ಚು. ಓದು ಬರಹ ಸಿಗದಿದ್ದದ್ದು ಇದಕ್ಕೆ ದೊಡ್ಡ ಕಾರಣ. ಅದೊಂದೇ ಕಾರಣವೇ ಎಂದು ಕೇಳಲು ಹಳ್ಳಿಯ ಒಲೆಯ ಹತ್ತಿರಕ್ಕೇ ಹೋಗಬೇಕು.

ಹೋದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ. ಮಾವಿಗೆ ಹೆಸರಾದ ಆ ತಾಲ್ಲೂಕು ಈಗ ಮುಪ್ಪಿನ ಮಿದುಳಿನ ಅಧ್ಯಯನಕ್ಕೂ ಹೆಸರಾಗುತ್ತಿದೆ. ರಕ್ತ, ವಂಶವಾಹಿ, ನೆನಪಿನ ಪರೀಕ್ಷೆ, ಎಂಆರ್‌ಐ ಎಲ್ಲವೂ ಅದರಲ್ಲಿವೆ. ಜೊತೆಗೊಂದು ಸಾದಾ ಪ್ರಶ್ನೆ: ಮನೆಯಲ್ಲಿ ಅಡುಗೆ ಯಾವುದರ ಮೇಲೆ?

ಆ ಪ್ರಶ್ನೆಯ ಉತ್ತರಗಳನ್ನು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಸೇರಿ ವಿಶ್ಲೇಷಿಸಿದ ಲೇಖನ 2025ರಲ್ಲಿ ಲ್ಯಾನ್ಸೆಟ್ ಬಳಗದ ಆಗ್ನೇಯ ಏಷ್ಯಾ ಪತ್ರಿಕೆಯಲ್ಲಿ ಪ್ರಕಟವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿಯ ಅರಿವಿನ ಪರೀಕ್ಷೆ, ಅವರಲ್ಲಿ ಸಾವಿರದಷ್ಟು ಮಂದಿಯ ಎಂಆರ್‌ಐ ಅದರ ಆಧಾರ. ಸೌದೆ, ಬೆರಣಿಯಂಥ ಹೊಗೆ ಉರುವಲನ್ನೇ ನೆಚ್ಚಿಕೊಂಡವರು ಗ್ಯಾಸ್ ಇದ್ದ ಮನೆಯವರಿಗಿಂತ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಅಂಥ ಮನೆಗಳ ಹೆಂಗಸರಲ್ಲಿ ಚಿಕ್ಕದಾಗಿತ್ತು. ಗಂಡಸರಲ್ಲಿ ಆ ವ್ಯತ್ಯಾಸ ಹಾಗೆ ಎದ್ದು ಕಾಣಲಿಲ್ಲ. ಒಂದೇ ಸೂರು, ಒಂದೇ ಊಟ, ಒಂದೇ ಬಡತನ. ಬೇರೆಯಿರುವುದು ಊದುಗೊಳವೆ ಹಿಡಿದು ಒಲೆಯ ಮುಂದೆ ಕೂರುವವರು ಯಾರು ಎಂಬುದು. ಮುದ್ದೆಯ ಹಿಟ್ಟು ಕುದಿಯುವ ಹೊತ್ತಿಗೆ ಹಸಿ ನೀಲಗಿರಿ ಕೊಂಬೆ ಕಾರುವ ಹೊಗೆ ಮೊದಲು ಮುಟ್ಟುವುದು ಅವರ ಮುಖವನ್ನು.

ಇಲ್ಲಿ ಅವಸರ ಸಲ್ಲದು. ಇದು ಒಂದು ಹೊತ್ತಿನಲ್ಲಿ ತೆಗೆದ ಚಿತ್ರ. ಸೌದೆ ಉರಿಸುವ ಮನೆ ಬಡವರದ್ದೂ ಆಗಿರುತ್ತದೆ, ಕಡಿಮೆ ಓದಿದವರದ್ದೂ ಆಗಿರುತ್ತದೆ. ಅಂಕಿಅಂಶದ ತಂತ್ರಗಳಿಂದ ಇವನ್ನೆಲ್ಲ ಪೂರ್ತಿ ಬೇರ್ಪಡಿಸಲಾಗದು. ಗ್ಯಾಸ್ ಕೊಟ್ಟುಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಗೂ ಒಂದು ಪೆಟ್ಟು ಬಿದ್ದಿದೆ. ತಮಿಳುನಾಡು, ಗ್ವಾಟೆಮಾಲ, ಪೆರು, ರುವಾಂಡಗಳಲ್ಲಿ ಸುಮಾರು 3,200 ಗರ್ಭಿಣಿಯರ ನಡುವೆ ನಡೆದ ಹ್ಯಾಪಿನ್ ಪ್ರಯೋಗದಲ್ಲಿ ಅರ್ಧದಷ್ಟು ಮಂದಿಗೆ ಒಲೆ, ಗ್ಯಾಸ್ ಎರಡನ್ನೂ ಉಚಿತವಾಗಿ ಕೊಡಲಾಯಿತು. ಅವರು ಉಸಿರಾಡುವ ಪಿಎಂ 2.5 ಪ್ರಮಾಣ 70ರ ಆಸುಪಾಸಿನ ಬದಲು 24 ಮೈಕ್ರೋಗ್ರಾಂಗೆ ಇಳಿಯಿತು. ಆದರೂ ಹುಟ್ಟಿದ ಮಕ್ಕಳ ತೂಕದಲ್ಲಿ ಗಣನೀಯ ವ್ಯತ್ಯಾಸ ಬರಲಿಲ್ಲ ಎಂದು 2022ರ ವರದಿ ಹೇಳಿತು. ಹೊಗೆ ಇಳಿದದ್ದು ಸಾಲಲಿಲ್ಲವೋ, ತಡವಾಯಿತೋ ಎಂಬ ಚರ್ಚೆ ಮುಂದುವರಿದಿದೆ. ಮಿದುಳಿನ ವಿಷಯದಲ್ಲಿ ಅಂಥ ಪ್ರಯೋಗ ಮಾಡುವುದು ಇನ್ನೂ ಕಷ್ಟ. ಮರೆವು ತಲೆ ಎತ್ತಲು ದಶಕಗಳೇ ಹಿಡಿಯುತ್ತವೆ. ಹೊರಗಿನ ಗಾಳಿಯ ಮಟ್ಟಿಗೆ ಮಾತ್ರ ಒಂದು ಭರವಸೆಯ ಸುಳಿವಿದೆ. ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ವೃದ್ಧೆಯರನ್ನು ಹಿಂಬಾಲಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಊರಿನ ಗಾಳಿ ಹೆಚ್ಚು ಸುಧಾರಿಸಿದ ಕಡೆ ಇದ್ದವರಿಗೆ ಡಿಮೆನ್ಷಿಯಾ ಕಡಿಮೆ ಬಂದಿತ್ತು. ಮುಪ್ಪಿನಲ್ಲಿ ಗಾಳಿ ಸುಧಾರಿಸಿದರೂ ಲಾಭವಿದೆ ಎಂದಾಯಿತು.

ಒಲೆಯ ಹೊಗೆಯ ಬಗ್ಗೆ ಕರ್ನಾಟಕಕ್ಕೆ ಅರಿವು ತಡವಾಗಿ ಬಂದದ್ದೇನಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆ, ಸೌದೆಯನ್ನು ಉಳಿಸುವ, ಕೊಳವೆಯ ಮೂಲಕ ಹೊಗೆಯನ್ನು ಹೊರಹಾಕುವ ಒಲೆಯಾಗಿ ಎಂಬತ್ತರ ದಶಕದಲ್ಲಿ ಹಳ್ಳಿಗಳಿಗೆ ಹೋಯಿತು. ಅಂದಿನ ಮುಖ್ಯ ಚಿಂತೆ ಕಾಡು ಮತ್ತು ಉರುವಲು. ಮಿದುಳು ಯಾರ ಲೆಕ್ಕದಲ್ಲೂ ಇರಲಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಂದು ಗ್ಯಾಸ್ ಸಂಪರ್ಕ ಮನೆಮನೆಗೆ ತಲುಪಿತು. ಆದರೆ ಕೊಪ್ಪಳ ಜಿಲ್ಲೆಯ ಸಿಲಿಂಡರ್ ಮಾರಾಟದ ದಾಖಲೆಗಳನ್ನು ಆಧರಿಸಿ 2019ರಲ್ಲಿ ‘ನೇಚರ್ ಎನರ್ಜಿ’ಯಲ್ಲಿ ಬಂದ ಲೇಖನ ಬೇರೆಯದೇ ಚಿತ್ರ ಕೊಟ್ಟಿತು: ಸಂಪರ್ಕ ಪಡೆದವರ ಸಂಖ್ಯೆ ಏರಿದಷ್ಟು ಗ್ಯಾಸ್ ಮಾರಾಟ ಏರಲಿಲ್ಲ. ಉಜ್ವಲಾ ಮನೆಗಳಲ್ಲಿ ಮೂರನೇ ಒಂದು ಪಾಲು ಮೊದಲ ವರ್ಷದಲ್ಲಿ ಖಾಲಿಯಾದ ಸಿಲಿಂಡರನ್ನು ತುಂಬಿಸಲೇ ಇಲ್ಲ. ಗ್ಯಾಸ್ ಚಹಾಕ್ಕೆ, ನೆಂಟರು ಬಂದಾಗಿನ ಅಡುಗೆಗೆ. ಮುದ್ದೆಗೆ, ಬಚ್ಚಲ ಹಂಡೆಗೆ ಮಾತ್ರ ಸೌದೆಯೇ. ಮನೆಗೆ ಗ್ಯಾಸ್ ಬಂದಿದೆಯೇ ಎಂದು ಎಣಿಸುವ ಸರ್ಕಾರಿ ಅಂಕಿಗಳು ಹೊಗೆ ಹೋಗಿದೆಯೇ ಎಂಬುದನ್ನು ಹೇಳುವುದಿಲ್ಲ.

2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಕರ್ನಾಟಕದ ನಾಲ್ಕು ಹೆಸರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ. ಎಲ್ಲವೂ ನಗರಗಳು, ಮಾಪಕಗಳೆಲ್ಲ ಬಯಲಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು 5 ಮೈಕ್ರೋಗ್ರಾಂಗೆ ಇಳಿಸಿತು. ಭಾರತದ ಮಿತಿ 2009ರಿಂದಲೂ 40ರಲ್ಲೇ ನಿಂತಿದೆ. ಆ 40 ಕೂಡ ಹೊರಗಿನ ಗಾಳಿಗೆ ಹಾಕಿದ ಗೆರೆ.

ಶ್ರೀನಿವಾಸಪುರದ ಮುಂದಿನ ಸುತ್ತಿನ ಪರೀಕ್ಷೆಗಳು ಇನ್ನಷ್ಟು ಗಟ್ಟಿ ಉತ್ತರ ಕೊಡಬಲ್ಲವು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮರೆವಿನ ದೂರು ಹೊತ್ತು ಬರುವ ಅಜ್ಜಿಯ ಬಿಪಿ, ಸಕ್ಕರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬರೆದುಕೊಳ್ಳುವ ಚೀಟಿಯಲ್ಲೇ ಅವರು ಎಷ್ಟು ವರ್ಷ ಯಾವ ಒಲೆಯ ಮುಂದೆ ಕೂತಿದ್ದರು ಎಂಬ ಒಂದು ಸಾಲನ್ನೂ ವೈದ್ಯರು, ಆಶಾ ಕಾರ್ಯಕರ್ತೆಯರು ಸೇರಿಸಿಕೊಳ್ಳಲಿ. ಅದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಅನುದಾನವೂ ಬೇಡ.