ಚಿಗರಿಯ ಚಿತ್ರ, ಹೊಲದ ವಿಳಾಸ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹಕ್ಕಿ, ಚಿಗರಿ, ತೋಳಗಳ ಚಿತ್ರ ತೆಗೆಯುವ ಹವ್ಯಾಸಿಗಳ ಮಾತು ಎಲ್ಲಿ ಶುರುವಾದರೂ ಎರಡು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಹೇಗೆ ತೆಗೆದಿರಿ, ಎಲ್ಲಿ ತೆಗೆದಿರಿ. ಈ ಹವ್ಯಾಸ ನಮ್ಮ ಕಡೆ ನಡೆದುಬಂದ ದಾರಿಯನ್ನು ನೋಡಿದರೆ, ಅದನ್ನು ಬೆಳೆಸಿದ್ದು ಮೊದಲ ಪ್ರಶ್ನೆಗೆ ಹಿರಿಯರು ಕೊಟ್ಟ ಧಾರಾಳವಾದ ಉತ್ತರಗಳು. ಎರಡನೆಯ ಪ್ರಶ್ನೆಗೆ ಇಷ್ಟು ಬೆಲೆ ಬಂದದ್ದು ತೀರ ಈಚೆಗೆ. ಬಯಲುಸೀಮೆಯ ಪ್ರಾಣಿಗಳಿಗೆ ಅದರಿಂದ ಒಳಿತಿಗಿಂತ ಕೆಡುಕೇ ಹೆಚ್ಚು ಎಂಬುದು ನನ್ನ ವಾದ.

ಈ ಭಾಗದಲ್ಲಿ ಮೊದಲು ಗಂಭೀರವಾಗಿ ಕ್ಯಾಮೆರಾ ಹಿಡಿದವನೂ ಹವ್ಯಾಸಿಯೇ. ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೈನ್ಯದಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಹಂಪಿಯ ಚಿತ್ರಗಳನ್ನು ತೆಗೆದ. ಹೊಳೆ ದಾಟಿದರೆ ಆನೆಗೊಂದಿ, ಅಂದರೆ ಇಂದಿನ ಗಂಗಾವತಿಯ ನೆಲ. ಮೇಣ ಸವರಿದ ಕಾಗದದ ನೆಗೆಟಿವ್‌ಗೆ ನಿಮಿಷಗಟ್ಟಲೆ ಬೆಳಕು ತಾಗಬೇಕಿತ್ತು. ಹಾಗಾಗಿ ಅವನ ಚಿತ್ರಗಳಲ್ಲಿ ಉಳಿದದ್ದು ಅಲುಗಾಡದ ಕಲ್ಲು ಮಾತ್ರ. ಗುಡಿಯ ಮೇಲೆ ಗಿಳಿ ಹಾರಿದ್ದರೂ ಅದರ ಗುರುತು ಕೂಡ ಸಿಕ್ಕುವಂತಿರಲಿಲ್ಲ. ಆದರೆ ನಮ್ಮ ಬಿಸಿಲಿಗೆ ಒಗ್ಗುವಂತೆ ಕಾಗದ ಹದಮಾಡುವ ರಸಾಯನವನ್ನು ಅವನು ತಿದ್ದಿಕೊಂಡ, ಆ ವಿಧಾನವನ್ನು ಇತರ ಹವ್ಯಾಸಿಗಳಿಗೂ ತಿಳಿಸಿದ. ಮುಂಬಯಿಯಲ್ಲಿ 1854ರಲ್ಲಿ, ಮದರಾಸಿನಲ್ಲಿ 1856ರಲ್ಲಿ ಹುಟ್ಟಿದ ಛಾಯಾಗ್ರಹಣ ಸಂಘಗಳ ಕೆಲಸವೂ ಹೆಚ್ಚುಕಡಿಮೆ ಇದೇ ಆಗಿತ್ತು. ಕೂತು ಚಿತ್ರ ನೋಡುವುದು, ಮದ್ದಿನ ಪಾಕ ಹಂಚಿಕೊಳ್ಳುವುದು. ಹಂಪಿ ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ಪ್ರಾಣಿಯ ಚಿತ್ರಕ್ಕೆ ವೇಗದ ಫಿಲ್ಮ್, ಉದ್ದದ ಲೆನ್ಸ್ ಬೇಕು. ಅವು ಬರುವ ಹೊತ್ತಿಗೂ ಬಂದೂಕಿನ ಕಾಲ ಪೂರ್ತಿ ಮುಗಿದಿರಲಿಲ್ಲ. ಕರ್ನಾಟಕದ ಮೊದಲ ತಲೆಮಾರಿನ ವನ್ಯಜೀವಿ ಛಾಯಾಗ್ರಾಹಕರಲ್ಲಿ ಹೊಳೆಯಾಚೆಯ ಸಂಡೂರಿನ ಎಂ.ವೈ. ಘೋರ್ಪಡೆ ಒಬ್ಬರು. ರಾಜಮನೆತನದವರು, 1972ರಿಂದ ದೇವರಾಜ ಅರಸು ಸರ್ಕಾರದಲ್ಲಿ ಹಣಕಾಸು ಮಂತ್ರಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ 1972ರಲ್ಲಿ. ಬೆಂಗಳೂರಿನಲ್ಲಿ ಇ. ಹನುಮಂತರಾವ್ ಇದ್ದರು, ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ ಇದ್ದರು, 1971ರಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಶುರುವಾಗಿತ್ತು. ಒಂದು ರೋಲಿಗೆ ಮೂವತ್ತಾರೇ ಚಿತ್ರ, ತೊಳೆಸಿ ನೋಡುವ ತನಕ ಕೆಟ್ಟದ್ದೋ ಒಳ್ಳೆಯದೋ ತಿಳಿಯದು. ಆ ದುಬಾರಿತನವೇ ಕಲಿಕೆಯನ್ನು ಮಾತಿನ ಮೇಲೆ ನಿಲ್ಲಿಸಿತು. ಗಂಡು ಚಿಗರಿಯ ಬೆನ್ನು ಕಪ್ಪು, ಹೊಟ್ಟೆ ಬಿಳಿ. ನಡು ಹಗಲಲ್ಲಿ ಒಂದಕ್ಕೆ ಬೆಳಕು ಹೊಂದಿಸಿದರೆ ಇನ್ನೊಂದು ಹಾಳು, ಆದ್ದರಿಂದ ಬಿಸಿಲೇರುವ ಮೊದಲೇ ಮುಗಿಸಬೇಕು. ನೆಲ ಕಾದರೆ ಗಾಳಿ ನಡುಗಿ ದೂರದ ಚಿತ್ರ ಕಲಸುತ್ತದೆ. ನಡೆದು ಬರುವ ಮನುಷ್ಯನನ್ನು ಕಂಡು ಓಡುವ ಹಿಂಡು ಎತ್ತಿನ ಗಾಡಿಗೆ ಅಷ್ಟು ಹೆದರುವುದಿಲ್ಲ. ಈ ಕೊನೆಯದು ಬೇಟೆಗಾರರ ಹಳೆಯ ಉಪಾಯ, ಕ್ಯಾಮೆರಾದವರು ಅದನ್ನು ಎರವಲು ಪಡೆದರು ಅಷ್ಟೇ.

ಆ ಕಾಲವನ್ನು ಹೊಗಳಿ ಕೂರುವುದೂ ಸರಿಯಲ್ಲ. ಗೂಡಿನ ಮುಂದಿನ ರೆಂಬೆಗಳನ್ನು ಪಕ್ಕಕ್ಕೆ ಎಳೆದು ಕಟ್ಟಿ, ಮರಿಗೆ ಗುಟುಕು ಕೊಡುವ ತಾಯಿಯ ಚಿತ್ರ ತೆಗೆಯುವುದು ಆಗ ಮೆಚ್ಚುಗೆಯ ಕೌಶಲವಾಗಿತ್ತು. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರವನ್ನೇ ಮುಟ್ಟುವುದಿಲ್ಲ. ಅಂದರೆ ಹಂಚಿಕೊಂಡ ತಿಳಿವೆಲ್ಲ ಒಳ್ಳೆಯದೇ ಎಂದೇನೂ ಅಲ್ಲ. ಆದರೂ ತಪ್ಪು ಕಸುಬಿನಲ್ಲಿದ್ದರೆ ಅದನ್ನು ಕಸುಬುದಾರರೇ ತಿದ್ದಿಕೊಳ್ಳಬಹುದು, ತಿದ್ದಿಕೊಂಡರು. ಬಿಟ್ಟುಕೊಟ್ಟ ವಿಳಾಸವನ್ನು ಹಾಗೆ ಹಿಂದಕ್ಕೆ ಪಡೆಯಲಾಗದು.

ಮಲೆನಾಡಿಗೆ ಹೋಲಿಸಿದರೆ ನಮ್ಮಲ್ಲಿ ಈ ಅಪಾಯ ಹೆಚ್ಚು, ಕಾರಣ ನೆಲದ ಬಗೆ. ಯಲಬುರ್ಗಾ, ಕುಷ್ಟಗಿಯ ಎರೆ ಹೊಲಗಳಲ್ಲಿ ಚಿಗರಿ ಮೇಯುವುದು ಕಾಡಿನಲ್ಲಲ್ಲ, ರೈತನ ಕಡಲೆ, ಜೋಳದ ನಡುವೆ. ಗೇಟಿಲ್ಲ, ಗಾರ್ಡಿಲ್ಲ; ಕಾರು ನೇರ ಹೊಲಕ್ಕೇ ಇಳಿಯುತ್ತದೆ. ಬೆಳೆ ಕಳೆದುಕೊಂಡು ಮೊದಲೇ ಸಿಟ್ಟಾಗಿರುವ ರೈತನಿಗೆ ಇದು ಇನ್ನೊಂದು ಕಾಟ. ತೋಳದ ಮಾತಂತೂ ಬೇರೆಯೇ. ಅದು ಮರಿ ಹಾಕುವ ಗವಿಗೆ ಜನ ಎಡತಾಕಿದರೆ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ, ದಾರಿಯಲ್ಲಿ ನಾಯಿಗಳಿಗೂ ರಸ್ತೆಗೂ ಸಿಕ್ಕುತ್ತದೆ. ಗವಿ ಎಲ್ಲಿದೆ ಎಂಬುದು ಕುರಿ ಕಳೆದುಕೊಂಡವರ ಕಿವಿಗೂ ಬೀಳುತ್ತದೆ ಎಂಬುದನ್ನು ಮರೆಯಬಾರದು.

ಜಾಗ ಮುಚ್ಚಿಟ್ಟರೆ ರಕ್ಷಣೆ ಎಲ್ಲಿಂದ ಬರಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಮುದ್ಲಾಪುರದಿಂದ ಕಂಪ್ಲಿಯವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಆಯಿತು. ಗಂಗಾವತಿ ತಾಲ್ಲೂಕಿನ ಬಂಕಾಪುರದ ಸುಮಾರು 332 ಹೆಕ್ಟೇರ್ ಕುರುಚಲು ಗುಡ್ಡ ಈಚೆಗೆ ರಾಜ್ಯದ ಮೊದಲ ತೋಳಧಾಮವಾಯಿತು. ಇಲ್ಲಿ ಈ ಪ್ರಾಣಿಗಳಿವೆ ಎಂದು ತೋರಿಸುವ ಪುರಾವೆ ಇಲ್ಲದೆ ಇಂಥ ತೀರ್ಮಾನಗಳು ಆಗುವುದಿಲ್ಲ. ಆದರೆ ಪುರಾವೆ ಹೋಗಬೇಕಾದದ್ದು ಅರಣ್ಯ ಇಲಾಖೆಗೆ, ಸಂಶೋಧಕರಿಗೆ. ಊರಿಗೆಲ್ಲ ಡಂಗುರ ಸಾರಿದರೆ ರಕ್ಷಣೆಗಿಂತ ಮೊದಲು ಜಾತ್ರೆ ಬರುತ್ತದೆ. ಜಗತ್ತಿನಾದ್ಯಂತ ಪಕ್ಷಿವೀಕ್ಷಕರು ಬಳಸುವ ಇ-ಬರ್ಡ್ ದಾಖಲೆಯಲ್ಲೂ ಅಪಾಯದಲ್ಲಿರುವ ಹಕ್ಕಿಗಳ ನಿಖರ ಜಾಗ ಸಾರ್ವಜನಿಕರಿಗೆ ಕಾಣದಂತೆ ಇಟ್ಟಿರುತ್ತಾರೆ, ದಾಖಲೆ ಮಾತ್ರ ಉಳಿಯುತ್ತದೆ.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ಗುಟ್ಟು ಕಾಯುವುದೆಂದರೆ ಹವ್ಯಾಸವನ್ನು ಮತ್ತೆ ಅರಮನೆಯವರಿಗೂ ನಗರದ ಸಂಘದವರಿಗೂ ಒಪ್ಪಿಸಿದಂತೆ ಅಲ್ಲವೇ? ಕುಷ್ಟಗಿಯಲ್ಲಿ ಸಾಲ ಮಾಡಿ ಲೆನ್ಸ್ ಕೊಂಡ ಹುಡುಗನಿಗೆ ಗುರು ಯಾರು? ಅವನಿಗೆ ನಿಜವಾಗಿ ಸಿಗದಿರುವುದು ವಿಳಾಸವಲ್ಲ, ಕಲಿಕೆ. ಜಾಗವನ್ನು ಕುರಿಗಾಹಿ ಅವನಿಗಿಂತ ಚೆನ್ನಾಗಿ ಬಲ್ಲ, ಜೊತೆಗೆ ಅಲೆದರೆ ತಾನೇ ತೋರಿಸಿಯಾನು. ಕನ್ನಡದಲ್ಲಿ ಈ ಕೊರತೆ ನೀಗಿಸಲು ಹೊರಟವರಲ್ಲಿ ಪೂರ್ಣಚಂದ್ರ ತೇಜಸ್ವಿ ದೊಡ್ಡವರು. ಮೂಡಿಗೆರೆಯಲ್ಲಿ ತಾವೇ ಹಕ್ಕಿಗಳ ಚಿತ್ರ ತೆಗೆದು ಹಳ್ಳಿಯ ಓದುಗನಿಗೂ ತಿಳಿಯುವ ಕನ್ನಡದಲ್ಲಿ ಅವುಗಳ ಬದುಕನ್ನು ಬರೆದರು. ಆದರೆ ಅದು ಮಲೆನಾಡಿನ ಪಾಠ, ನಮ್ಮ ನೆಲದ ಕತೆ ಬೇರೆ. 1953ರಲ್ಲಿ ಮುನಿರಾಬಾದಿನ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಗಂಗಾವತಿ ಗದ್ದೆನಾಡಾಯಿತು, ಚಳಿಗಾಲಕ್ಕೆ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತಿವೆ. ಒಂದೇ ಜಿಲ್ಲೆಯಲ್ಲಿ ಗದ್ದೆ, ಬಂಡೆ, ಎರೆ ಬಯಲು ಮೂರೂ ಇವೆ, ಮೂರರ ಬೆಳಕೂ ಬೇರೆ. ಇವನ್ನು ಕುರಿತು ಕನ್ನಡದಲ್ಲಿ ಬರೆಯಬೇಕಾದದ್ದು ಬಹಳ ಬಾಕಿ ಇದೆ.

ಆದ್ದರಿಂದ ಕ್ಯಾಮೆರಾ ಹಿಡಿದ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮ ಚಿತ್ರದ ಜೊತೆಗೆ ಶಟರ್ ವೇಗ, ಹೊತ್ತು, ಗಾಳಿಯ ದಿಕ್ಕು, ಎಷ್ಟು ದೂರದಲ್ಲಿ ಕೂತಿದ್ದಿರಿ, ಪ್ರಾಣಿ ಯಾವಾಗ ಕಿವಿ ನಿಮಿರಿಸಿತು ಎಂಬುದನ್ನೆಲ್ಲ ಬರೆಯಿರಿ. ಜಾಗದ ಹೆಸರು ಕೇಳಿದರೆ ‘ಕೊಪ್ಪಳ ಜಿಲ್ಲೆ’ ಎಂದಷ್ಟೇ ಹೇಳಿ.